ಉದ್ದದ ಪ್ಲಾಟ್‌ಫಾರ್ಮೂ ಮನೆಯ ಹಿರಿಯರೂ

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ಕಡೆಯವರು ದೂರದ ಪ್ರವಾಸಕ್ಕೆಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣಕ್ಕೆ ಬರುವುದುಂಟು. ಅಲ್ಲಿಯ ಎಂಟನೆಯ ಪ್ಲಾಟ್‌ಫಾರ್ಮಿನ ಉದ್ದವು ೧೫೦೭ ಮೀಟರು. ೨೦೨೩ರ ಮಾರ್ಚ್ ೧೨ರಂದು ಅದು ಉದ್ಘಾಟನೆಗೊಂಡು, ಗೋರಖಪುರದ ೧೩೬೬ ಮೀಟರುಗಳನ್ನು ಮೀರಿ ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದುದೆನಿಸಿತು. ಕನ್ನಡ ನಾಡಿನ ಈ ಹಿರಿಮೆಗೆ ನಾವೂ ಹಿಗ್ಗಿದೆವು.

ಆದರೆ ಮೊಣಕಾಲು ನೋವಿನ ಅತ್ತೆಯವರೊಡನೆ, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಯ ಬುತ್ತಿ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುವುದೆಂದರೆ ಹೆಚ್ಚುಕಡಿಮೆ ಒಂದು ಮೈಲಿಯ ಹಾದಿ! ಬಂಡಿಯು ಯಾರಿಗಾಗಿಯೂ ಕಾಯದು. ಆದುದರಿಂದ ನಮ್ಮ ಡಬ್ಬಿಯು ಎಲ್ಲಿ ನಿಲ್ಲುವುದೆಂಬುದನ್ನು ಮೊದಲೇ ವಿಚಾರಿಸಿ, ಅರ್ಧ ತಾಸು ಮುಂಚಿತವಾಗಿ ಅಲ್ಲಿಗೆ ಹೋಗಿ ಕುಳಿತಿರಬೇಕು. ಹಿರಿಯರಿಗೆ ಗಾಲಿಕುರ್ಚಿಯನ್ನು ಕೇಳಲು ಸಂಕೋಚವೇಕೆ? ಅತ್ತೆಯವರು “ಬೇಡ, ನಡೆದೇನು” ಎಂದರೂ ಕೇಳಿಯೇ ಬಿಡಿರಿ.