ಸಂತೆಗೆ ಬೇಕಾಗಿರುವುದು ಕವಿತೆಯಲ್ಲ, ಕಕ್ಕಸು

ಸಂತೆ ಬಗ್ಗೆ ಬರೆಯೋಕೆ ಕೂತರೆ ನಮ್ಮವರಿಗೆಲ್ಲ ಕೈ ಬಲು ಸಲೀಸು. ಮಂಡಕ್ಕಿ-ಖಾರ, ಬೆಂಡು-ಬತ್ತಾಸು, ಅಜ್ಜನ ಹೆಗಲ ಮೇಲಿನ ಚೀಲ, ಗಾಜಿನ ಬಳೆ... ಎರಡು ಪ್ಯಾರಾ ಆಗುವಷ್ಟರಲ್ಲಿ ಕಣ್ಣು ಒದ್ದೆ. ಕೊನೆಗೆ "ಆ ಸಂತೆ ಈಗೆಲ್ಲಿ?" ಅಂತ ಒಂದು ನಿಟ್ಟುಸಿರು. ಕೆಳಗೆ ಹತ್ತು ಜನ "ಬಾಲ್ಯ ನೆನಪಾಯ್ತು" ಅಂತಾರೆ. ಅಲ್ಲಿಗೆ ಮುಗೀತು.

ಸಂತೆ ಸತ್ತಿಲ್ಲ ಸ್ವಾಮೀ. ಮುಂದಿನ ವಾರವೂ ನೆರೆಯುತ್ತದೆ. ಬದುಕಿರುವುದಕ್ಕೆ ಶ್ರಾದ್ಧ ಮಾಡುವ ಈ ಚಟ ನೋಡಿ ನೋಡಿ ನನಗೆ ಸಾಕಾಗಿದೆ.

ಕೊಡಗಿನ ಶನಿವಾರಸಂತೆ, ಚಾಮರಾಜನಗರದ ಕಡೆಯ ಸಂತೇಮರಹಳ್ಳಿ, ಚನ್ನಗಿರಿ ತಾಲೂಕಿನ ಸಂತೇಬೆನ್ನೂರು, ಭೈರಪ್ಪನವರ ಹುಟ್ಟೂರು ಸಂತೇಶಿವರ... ಊರಿನ ಹೆಸರಲ್ಲೇ ಸಂತೆ ಇರುವ ನಾಡು ಇದು. ಒಂದೊಂದು ದಿನ ಒಂದೊಂದು ಊರಲ್ಲಿ ಸಂತೆ. ಹಾಗಾಗಿ ಖಾಯಂ ವ್ಯಾಪಾರಿ ವಾರವಿಡೀ ಸುತ್ತುತ್ತಾನೆ, ರೈತರು ತಮ್ಮ ಹತ್ತಿರದ ಸಂತೆಗೆ ಮಾತ್ರ ಬರುತ್ತಾರೆ. ಇದರಲ್ಲಿ ಭಾವುಕತೆ ಏನಿಲ್ಲ, ಶುದ್ಧ ಲೆಕ್ಕಾಚಾರ.

ಲೆಕ್ಕ ನೋಡಿ. ಹತ್ತು ಗುಂಟೆಯಲ್ಲಿ ಸೊಪ್ಪು ಬೆಳೆಯುವ ಹೆಂಗಸಿನ ಹತ್ತಿರ ಮೂವತ್ತು ಕಟ್ಟು ದಂಟು, ಇಪ್ಪತ್ತು ಕಟ್ಟು ಸಬ್ಬಸಿಗೆ ಇದೆ ಅನ್ನಿ. ಅಷ್ಟನ್ನು ಹೊತ್ತುಕೊಂಡು ಆಕೆ ಎಪಿಎಂಸಿ ಯಾರ್ಡಿಗೆ ಹೋಗೋಕಾಗುತ್ತಾ? ಬಾಡಿಗೆ ದುಡ್ಡೂ ಹುಟ್ಟಲ್ಲ. ಆ ಪ್ರಮಾಣದ ಮಾಲಿಗೆ ಇರುವ ಮಾರುಕಟ್ಟೆ ಸಂತೆ ಒಂದೇ. ಸಾಯಂಕಾಲ ಕೈಯಲ್ಲಿ ನಗದು, ಯಾವ ದಲ್ಲಾಳಿಯ ಚೀಟಿಗೂ ಕಾಯಬೇಕಿಲ್ಲ. ಇನ್ನು ದೀಪ ಹಚ್ಚುವ ಹೊತ್ತಿಗೆ ಉಳಿದ ಮಾಲು ಗುಡ್ಡೆ ಲೆಕ್ಕದಲ್ಲಿ ಅರ್ಧ ಬೆಲೆಗೆ ಹೋಗುತ್ತದೆ. ಕೂಲಿ ಮುಗಿಸಿ ಬರುವವರು ಆ ಹೊತ್ತಿಗೇ ಬರುವುದು. ಅವರ ಮನೆಯಲ್ಲಿ ವಾರಪೂರ್ತಿ ಸಾರು ಕುದಿಯುವುದು ಇದರ ಮೇಲೆ.

ಇಂಥ ಸಂತೆಗೆ ನಮ್ಮ ಆಡಳಿತ ಕೊಟ್ಟಿರುವುದೇನು? ಸುಂಕದ ಹರಾಜು. ಸಂತೆ ಶುಲ್ಕ ವಸೂಲಿ ಮಾಡುವ ಅಧಿಕಾರ ಪಂಚಾಯಿತಿಗಿದೆ. ಎಷ್ಟೋ ಕಡೆ ಅದನ್ನು ವರ್ಷಕ್ಕೊಮ್ಮೆ ಹೆಚ್ಚು ಕೂಗಿದವರಿಗೆ ವಹಿಸಿ ಕೈತೊಳೆದುಕೊಳ್ಳುತ್ತಾರೆ. ಕೂಗಿದವನು ಹಾಕಿದ ದುಡ್ಡಿನ ಜೊತೆ ಲಾಭವನ್ನೂ ಎತ್ತಬೇಕಲ್ಲ, ನೆಲದ ಮೇಲೆ ಗೋಣಿಚೀಲ ಹಾಸಿದವರ ಹತ್ತಿರವೇ ಎತ್ತುತ್ತಾನೆ. ನಮ್ಮೂರ ಸಂತೆಯಲ್ಲಿ ಟೆಂಪೋ ತುಂಬ ಈರುಳ್ಳಿ ತಂದವನಿಗೂ ಅದೇ ದರ, ಒಂದು ಕುಕ್ಕೆ ನಿಂಬೆಹಣ್ಣು ಇಟ್ಟುಕೊಂಡ ಅಜ್ಜಿಗೂ ಅದೇ ದರ. ರಸೀದಿ ಕೇಳಿದರೆ ಗುರಾಯಿಸುತ್ತಾರೆ. ಸಂತೆ ನೆರೆಯುವ ಮೊದಲೇ ಗಂಟುಕಳ್ಳರು ನೆರೆದರು ಅನ್ನೋ ಗಾದೆಗೆ ಈಗ ಟೆಂಡರ್ ಫಾರಂ ಬಂದಿದೆ, ಅಷ್ಟೇ ವ್ಯತ್ಯಾಸ.

ಸುಂಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಜಾಗ ಗುಡಿಸೋಕೆ, ದೀಪ ಹಾಕೋಕೆ ದುಡ್ಡು ಬೇಕು. ಆದರೆ ಗುಡಿಸಿದ್ದೆಲ್ಲಿ? ದೀಪ ಎಲ್ಲಿ? ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದ ಹೆಂಗಸರು ರಾತ್ರಿ ಮನೆ ಸೇರುವವರೆಗೆ ನೀರು ಕುಡಿಯುವುದಿಲ್ಲ. ಯಾಕೆ ಅಂತ ಕೇಳಬೇಡಿ, ಸಂತೆ ಮಾಳದಲ್ಲಿ ಕಕ್ಕಸಿಲ್ಲ. ಇದ್ದರೂ ಬೀಗ. ಸಂತೆಯ ಸೊಗಡಿನ ಬಗ್ಗೆ ಬರೆದವರಲ್ಲಿ ಎಷ್ಟು ಜನ ಇದನ್ನು ಬರೆದಿದ್ದೀವಿ?

ಪಟ್ಟಣಗಳಲ್ಲಿ ಇನ್ನೊಂದು ಕಥೆ. ಅಲ್ಲಿ ಸಂತೆ ಅಂದರೆ 'ಟ್ರಾಫಿಕ್ ಸಮಸ್ಯೆ'. ಎಬ್ಬಿಸಿ, ಮಹಡಿ ಮೇಲೆ ಮಳಿಗೆ ಕಟ್ಟಿ, ಮುಂಗಡ ಕೇಳಿದರೆ ಮಾರುಕಟ್ಟೆ 'ಅಭಿವೃದ್ಧಿ' ಆಯ್ತಂತೆ. ಸೊಪ್ಪಿನ ಬುಟ್ಟಿ ಮಹಡಿ ಹತ್ತುತ್ತಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 50 ವರ್ಷ ಮೀರಿ ವ್ಯಾಪಾರ ನಡೆದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಅಂತಲೂ ಇದೆ. ಅರಮನೆ, ಗೋಪುರ ಮಾತ್ರ ಪರಂಪರೆ ಅಂದುಕೊಂಡವರು ಇದನ್ನು ಎರಡು ಸಲ ಓದಲಿ.

"ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಕಾರಿ ಬರುವಾಗ ಸಂತೆ ಯಾಕ್ರೀ?" ಅಂತೀರಿ. ತರಿಸಿಕೊಳ್ಳಿ, ಬೇಡ ಅಂದವರ್ಯಾರು? ಆದರೆ ಆ ಆ್ಯಪಿಗೆ ಬೇಕಾಗಿರುವುದು ಒಂದೇ ಅಳತೆಯ, ಒಂದೇ ಬಣ್ಣದ, ಕ್ವಿಂಟಾಲುಗಟ್ಟಲೆ ಮಾಲು. ಮಳೆ ಬಿದ್ದ ವಾರ ಮಾತ್ರ ಸಿಗುವ ಬೆರಕೆ ಸೊಪ್ಪಿಗೆ, ಡೊಂಕು ಬದನೆಗೆ ಅಲ್ಲಿ ಬಾರ್‌ಕೋಡ್ ಇಲ್ಲ. ಸಂತೆ ಹೋದರೆ ಅವನ್ನು ಬೆಳೆಯುವವರೂ ಹೋಗುತ್ತಾರೆ.

ಅಕ್ಕಪಕ್ಕ ನೋಡಿ. ತಮಿಳುನಾಡು 1999ರಲ್ಲಿ ಉಳವರ್ ಸಂದೈ ಶುರು ಮಾಡಿ ರೈತರಿಗೆ ಗುರುತಿನ ಚೀಟಿ ಕೊಟ್ಟು ಕೂರಿಸಿತು. ಅದೇ ವರ್ಷ ಆಂಧ್ರದಲ್ಲಿ ರೈತು ಬಜಾರ್ ಬಂತು. ನಮ್ಮಲ್ಲೂ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಇದೆ. ಅಂದರೆ ಬೆಳೆದವರು ಸೇರಿ ಮಾರುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸಂತೆಗೆ ಮಾತ್ರ ಆ ಭಾಗ್ಯ ಇಲ್ಲ, ಯಾಕಂದರೆ ಅದು ತಾನಾಗೇ ನಡೆಯುತ್ತೆ ಅನ್ನೋ ಉಡಾಫೆ.

ಹಾಗಾಗಿ ಗೆಳೆಯರೇ, ಎರಡೇ ಕೆಲಸ. ಒಂದು, ವಾರಕ್ಕೊಮ್ಮೆ ಚೀಲ ಹಿಡಿದು ಹೋಗಿ, ಕ್ಯಾಮೆರಾ ಮನೆಯಲ್ಲಿರಲಿ. ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಬಿಲ್ ಕಟ್ಟುವವರು ಐದು ರೂಪಾಯಿ ಕೊತ್ತಂಬರಿಗೆ ಕೊಸರಾಡಬೇಡಿ, ಅವರಾಗಿ ಕೊಟ್ಟರೆ ಕೊಸರು ಇಸ್ಕೊಳ್ಳಿ. ಎರಡು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಸಂತೆ ಹರಾಜು ಎಷ್ಟಕ್ಕೆ ಹೋಯಿತು? ದರಪಟ್ಟಿ ಎಲ್ಲಿ ಹಾಕಿದ್ದೀರಿ? ಅದರಲ್ಲಿ ಸಂತೆಗೇ ಖರ್ಚಾದದ್ದೆಷ್ಟು? ಬಾಯಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿಗೆ ಹತ್ತು ರೂಪಾಯಿ. ಎರಡು ಕಟ್ಟು ಸೊಪ್ಪಿನ ಬೆಲೆ.

ಉತ್ತರ ಸಿಕ್ಕಿದವರು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ. ಬೆಂಡು-ಬತ್ತಾಸಿನ ಬರಹ ಇನ್ನೊಂದು ವಾರ ಕಾದರೂ ಹಳಸುವುದಿಲ್ಲ.