ಗುಂಡಿ ಒತ್ತುವವರಾಗಬೇಡಿ, ಯಂತ್ರವನ್ನು ಆಳುವವರಾಗಿ!

ಪೀಣ್ಯಕ್ಕೆ ಒಮ್ಮೆ ಹೋಗಿ ನೋಡಿ. ಗಲ್ಲಿ ಗಲ್ಲಿಯಲ್ಲೂ ಶೆಡ್ಡು, ಶೆಡ್ಡಿನೊಳಗೆ ಲೋಹ ಕೊರೆಯುವ ಸದ್ದು. ಕಾರಿನ ಗೇರು, ಪಂಪಿನ ಶಾಫ್ಟು, ವಿಮಾನದ ಬಿಡಿಭಾಗ ಇಂಥ ಶೆಡ್ಡುಗಳಲ್ಲೇ ಹುಟ್ಟುತ್ತವೆ. ಗೇಟಿನ ಮೇಲೆ 'ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ' ಎಂಬ ಬೋರ್ಡು. ಬೋರ್ಡು ನಮ್ಮ ನೆಲದಲ್ಲಿದೆ. ಅದನ್ನು ಓದಿ ಒಳಗೆ ಹೆಜ್ಜೆ ಇಡುವ ನಮ್ಮ ಹುಡುಗರು ಎಷ್ಟು ಮಂದಿ?

ಈ ಕಸುಬು ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1940ರಲ್ಲಿ ಎಚ್‌ಎಎಲ್ ಬಂತು. 1953ರಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗೆಂದೇ ಎಚ್‌ಎಂಟಿ ಹುಟ್ಟಿತು. ಅಲ್ಲಿ ಟರ್ನರ್ ಎಂದರೆ ಬೀದಿಯಲ್ಲಿ ಒಂದು ಮರ್ಯಾದೆ ಇತ್ತು, ಹೆಣ್ಣು ಕೊಡುವವರು ಹುಡುಕಿಕೊಂಡು ಬರುತ್ತಿದ್ದರು. ಇವತ್ತು? ಮೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸವೆಂದು ಮೂಗು ಮುರಿಯುತ್ತೇವೆ. ಕೈಯಲ್ಲೊಂದು ಡಿಗ್ರಿ ಹಿಡಿದು, ಬೆನ್ನಿಗೆ ಚೀಲ ಕಟ್ಟಿ ಮನೆ ಮನೆಗೆ ಪಾರ್ಸೆಲ್ ಹಂಚುತ್ತೇವೆ. ಇದು ಯಾವ ಸೀಮೆಯ ಪ್ರತಿಷ್ಠೆ?

ಸಿಎನ್‌ಸಿ ಎಂದರೆ ಹೆದರಬೇಕಾದ ಭೂತವಲ್ಲ. ಹಿಂದೆ ಕೈಯಿಂದ ಚಕ್ರ ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರಿನ ಆಜ್ಞೆಯಂತೆ ಯಂತ್ರ ಮಾಡುತ್ತದೆ. ಜಿ00 ಎಂದರೆ ವೇಗವಾಗಿ ಸಾಗು, ಜಿ01 ಎಂದರೆ ನೇರವಾಗಿ ಕೊರೆ, ಎಂ03 ಎಂದರೆ ಸ್ಪಿಂಡಲ್ ತಿರುಗಿಸು. ಈ ಭಾಷೆ ಜಪಾನಿನಲ್ಲೂ ಹೆಚ್ಚುಕಡಿಮೆ ಇದೇ, ಜರ್ಮನಿಯಲ್ಲೂ ಇದೇ. ಕನ್ನಡ ಮಾಧ್ಯಮದ ಹುಡುಗನಿಗೆ ಇದು ಹತ್ತುವುದಿಲ್ಲ ಎನ್ನುವವರಿಗೆ ಕಸುಬೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ!

ಆದರೆ ಒಂದು ಎಚ್ಚರಿಕೆ. ಬಿಲ್ಲೆ ಸಿಕ್ಕಿಸಿ ಹಸಿರು ಗುಂಡಿ ಒತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಅಷ್ಟಕ್ಕೇ ನಿಂತವನ ಸಂಬಳವೂ ಅಷ್ಟಕ್ಕೇ ನಿಲ್ಲುತ್ತದೆ. ಅವನನ್ನು ತೆಗೆದು ಇನ್ನೊಬ್ಬನನ್ನು ಇಟ್ಟುಕೊಳ್ಳಲು ಮಾಲೀಕನಿಗೆ ಒಂದು ದಿನ ಸಾಕು. ಡ್ರಾಯಿಂಗ್ ಓದುವವನು, ಟೂಲ್ ಆರಿಸುವವನು, ಆಫ್‌ಸೆಟ್ ಹಾಕುವವನು, ಪ್ರೋಗ್ರಾಂ ಬರೆಯುವವನು ಬೇರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಲ್ಲಿ 10 ಮೈಕ್ರಾನ್ ತಪ್ಪಿದರೂ ಎಷ್ಟೋ ಭಾಗಗಳು ಗುಜರಿಗೆ ಹೋಗುತ್ತವೆ. ಒಂದು ದಶಮಾಂಶ ಬಿಂದು ಜಾರಿದರೆ ಟೂಲ್ ಚಕ್ಕಿಗೆ ಬಡಿದು ಯಂತ್ರವೇ ಹಾಳು. ಆ ಜವಾಬ್ದಾರಿ ಹೊರಬಲ್ಲವನನ್ನು ಯಾವ ಮಾಲೀಕನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕಲಿಯುವುದೆಲ್ಲಿ? 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಜಿಟಿಟಿಸಿ ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಸೇರಿದಂತೆ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ. ಮೂರು ವರ್ಷದ ಕಲಿಕೆ, ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿ. ಐಟಿಐಗಳಲ್ಲಿ ಟರ್ನರ್, ಮೆಷಿನಿಸ್ಟ್ ವೃತ್ತಿಗಳು ಎರಡು ವರ್ಷದವು. ಖಾಸಗಿ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಯಂತ್ರ ಎಷ್ಟಿವೆ? ಒಬ್ಬ ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ನಿಜವಾದ ಲೋಹ ಕೊರೆಯುತ್ತಾನೆ? ಮೈಕ್ರೋಮೀಟರ್ ಹಿಡಿಸುತ್ತಾರೋ, ಪರದೆಯ ಮೇಲೆ ಬರೀ ಬೊಂಬೆಯಾಟ ತೋರಿಸುತ್ತಾರೋ? ತಡವರಿಸಿದರೆ ಎದ್ದು ಬನ್ನಿ.

ಇನ್ನು ಸರ್ಕಾರಕ್ಕೆ ಎರಡು ಮಾತು. 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ ಅದ್ದೂರಿಯಾಗಿ ಉದ್ಘಾಟಿಸಲಾಯಿತು. ಸಂತೋಷ! ಆದರೆ ಯಂತ್ರ ತಂದು ನಿಲ್ಲಿಸಿದರೆ ಕಲಿಕೆಯಾಗುವುದಿಲ್ಲ. ಅದಕ್ಕೆ ಕಚ್ಚಾ ಲೋಹ ಬೇಕು, ಟೂಲ್ ಬೇಕು, ಕಸುಬು ಬಲ್ಲ ಮೇಷ್ಟರು ಬೇಕು. ಫೀಡು, ಸ್ಪೀಡು, ಟಾಲರೆನ್ಸು ಏನೆಂದು ಕನ್ನಡದಲ್ಲಿ ಬಿಡಿಸಿ ಹೇಳುವ ಪುಸ್ತಕ ಬೇಕು. ಹೆಸರು ಇಂಗ್ಲಿಷಿನಲ್ಲಿದ್ದರೆ ಇರಲಿ, ಅರ್ಥ ಕನ್ನಡದಲ್ಲಿ ತಲೆಗೆ ಹೋಗಲಿ. ಅರ್ಥವಾಗದೆ ಬಾಯಿಪಾಠ ಮಾಡಿದವನೇ ನಾಳೆ ಗುಂಡಿ ಒತ್ತುವವನಾಗಿ ಉಳಿಯುವುದು.

ಕಾರ್ಖಾನೆ ಮಾಲೀಕರಿಗೂ ಒಂದು ಮಾತು. ಸ್ಥಳೀಯರು ಸಿಗುವುದಿಲ್ಲ ಎಂಬ ಹಾಡು ಸಾಕು. ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. ಅದರ ಪ್ರಕಾರ ಹುಡುಗರನ್ನು ತೆಗೆದುಕೊಳ್ಳಿ, ಕಸ ಗುಡಿಸಲು ನಿಲ್ಲಿಸದೆ ಸೆಟ್ಟಿಂಗ್ ಕಲಿಸಿ, ಕಲಿತವನಿಗೆ ಬದುಕುವಷ್ಟು ಸಂಬಳ ಕೊಡಿ. ಆಮೇಲೆ ಸಿಗುತ್ತಾರೋ ಇಲ್ಲವೋ ನೋಡೋಣ.

ಗೆಳೆಯರೇ, ಸರೋಜಿನಿ ಮಹಿಷಿ ವರದಿಗಾಗಿ 1980ರ ದಶಕದಿಂದ ಕೂಗುತ್ತಲೇ ಇದ್ದೇವೆ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಕೂಗು ನಿಲ್ಲಬಾರದು. ಆದರೆ ಕಾನೂನು ಗೇಟು ತೆರೆಸಬಲ್ಲದು, ಮೈಕ್ರೋಮೀಟರ್ ಹಿಡಿಯಲಾರದು. ಅದನ್ನು ಹಿಡಿಯುವ ಕೈ ನಿಮ್ಮದಾಗಬೇಕು. ಗೇಟು ತೆರೆದ ದಿನ ಒಳಗೆ ಹೋಗಲು ನಮ್ಮಲ್ಲಿ ಕಸುಬುದಾರರೇ ಇಲ್ಲದಿದ್ದರೆ ಯಾರನ್ನು ದೂರುತ್ತೀರಿ?

ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ, ಹತ್ತಿರದ ಜಿಟಿಟಿಸಿ ಇಲ್ಲವೇ ಐಟಿಐಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ. ಹೋರಾಟ ಅಲ್ಲಿಂದಲೂ ಶುರುವಾಗುತ್ತದೆ!