ಗುಡ್ಡದ ದಾರಿಗೆ ಮೂರು ಗೇರು

ಖಾನಾಪುರ ತಾಲ್ಲೂಕಿನ ಕಾಡಂಚಿನ ದಾರಿಗಳಲ್ಲಿ ಓಡಾಡಿದವರೆಲ್ಲ ಕಂಡಿರುವ ನೋಟವಿದು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಪುಸ್ತಕದ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿ, ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತುತ್ತಿರುತ್ತಾಳೆ. ಏರು ಮುಗಿದ ಮೇಲೆ ಹತ್ತಿ ಕೂರುತ್ತಾಳೆ. ಮುಂದಿನ ಏರು ಬಂದೊಡನೆ ಮತ್ತೆ ಇಳಿಯುತ್ತಾಳೆ. ಸೈಕಲ್ಲು ಅವಳನ್ನು ಹೊತ್ತೊಯ್ಯುವ ಹೊತ್ತಿಗಿಂತ ಅವಳು ಸೈಕಲ್ಲನ್ನು ತಳ್ಳುವ ಹೊತ್ತೇ ಹೆಚ್ಚು.

2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ದೂರವೆಂಬ ಕಾರಣಕ್ಕೆ ಓದು ಬಿಡುತ್ತಿದ್ದ ಹೆಣ್ಣುಮಕ್ಕಳನ್ನು ನೆನೆದರೆ ಅದು ಒಳ್ಳೆಯ ಕೆಲಸವೇ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ರಾಯಚೂರಿನ ಬಯಲಿಗೂ ಜಾಂಬೋಟಿಯ ಏರಿಗೂ ಬಂದದ್ದು ಒಂದೇ ಬಗೆಯ, ಒಂದೇ ಗೇರಿನ ಸೈಕಲ್ಲು. ಬಯಲಿನಲ್ಲಿ ಅದು ಓಡಿತು. ಗುಡ್ಡದಲ್ಲಿ ಎಷ್ಟೋ ಸೈಕಲ್ಲುಗಳು ಪಡಸಾಲೆಯ ಮೂಲೆಯಲ್ಲಿ ನಿಂತು ತುಕ್ಕು ಹಿಡಿದವು. 2020ರಲ್ಲಿ ಕೋವಿಡ್ ಬಂದಾಗ ಯೋಜನೆಯೂ ನಿಂತಿತು. ಅದನ್ನು ಮರಳಿ ಆರಂಭಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಆರಂಭಿಸುವುದಾದರೆ ಗುಡ್ಡದವರು ಕೇಳಲೇಬೇಕಾದ ಮಾತೊಂದಿದೆ: ನಮ್ಮ ಮಕ್ಕಳ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಹಬ್ ಗೇರು ಇರಲಿ.

“ಗುಡ್ಡದಲ್ಲಿ ಸೈಕಲ್ ನಡೆಯದು” ಎನ್ನುವವರು ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ನಮ್ಮ 28 ಇಂಚಿನ ಹಳೆಯ ಮಾದರಿಯ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲು. ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಅಂದರೆ ಪೆಡಲನ್ನು ಒಮ್ಮೆ ತಿರುಗಿಸಿದರೆ ಸುಮಾರು 5.4 ಮೀಟರ್ ಸಾಗಲೇಬೇಕು. ಸಮತಟ್ಟಾದ ಹೆದ್ದಾರಿಗೆ ಇದು ಸರಿ. ಕಡಿದಾದ ಏರಿನಲ್ಲಿ ಹದಿಮೂರು ವರ್ಷದ ಮಗು ಒಂದೇ ತುಳಿತದ ಸುತ್ತಿಗೆ ಅಷ್ಟು ದೂರವನ್ನು ಎಳೆಯುವುದು ಹೇಗೆ? ಅದೇ ಮಗುವಿಗೆ ಮೂರೂ ಕಾಲು ಮೀಟರಿನ ಸುತ್ತನ್ನು ಕೊಟ್ಟರೆ ನಿಧಾನವಾಗಿಯಾದರೂ ಕುಳಿತೇ ಏರುತ್ತದೆ.

ಗೇರಿನ ಸೈಕಲ್ಲು ಎಂದೊಡನೆ ಕಣ್ಣಿಗೆ ಬರುವುದು ಭಾನುವಾರ ಬೆಳಿಗ್ಗೆ ಬೆಳಗಾವಿಯಿಂದ ಜಾಂಬೋಟಿಯ ಕಡೆ ಹೊರಡುವ ಹವ್ಯಾಸಿಗಳ ಇಪ್ಪತ್ತೊಂದು ಗೇರಿನ ಸೈಕಲ್ಲು. ಅದರಲ್ಲಿ ಚೈನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಿಗಿಸುವ ಕೀಲು ಹೊರಗೆ ತೂಗಾಡುತ್ತಿರುತ್ತದೆ. ಅವರ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆದರೆ ಕಣಕುಂಬಿಯ ಮಳೆಗೆ, ಕೆಂಪು ರಾಡಿಗೆ ಆ ಏರ್ಪಾಟು ತಕ್ಕದ್ದಲ್ಲ. ಜೂನ್‌ನಲ್ಲಿ ರಾಡಿ ಮೆತ್ತಿದರೆ ಅದು ಕಚ್ಚುತ್ತದೆ. ಸೈಕಲ್ಲು ಗೋಡೆಗೆ ಬಿದ್ದರೆ ಬಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಪೂರ್ತಿ ಮುಚ್ಚಿದ ಚೈನ್ ಕವರ್ ಹಾಕಲು ಬರುವುದಿಲ್ಲ. ಲಂಗವೋ ಚೂಡಿದಾರವೋ ತೊಟ್ಟು ಶಾಲೆಗೆ ಹೋಗುವ ಹುಡುಗಿಗೆ ಇದೇನು ಸಣ್ಣ ಸಂಗತಿಯೇ?

ಹಬ್ ಗೇರಿನಲ್ಲಿ ಎಲ್ಲವೂ ಚಕ್ರದ ನಡುವಿನ ಉಕ್ಕಿನ ಡಬ್ಬಿಯೊಳಗೆ ಅಡಗಿರುತ್ತದೆ. ಚೈನು ಒಂದೇ ನೇರದಲ್ಲಿ ಓಡುತ್ತದೆ, ಆದ್ದರಿಂದ ಕವರ್ ಹಾಕಬಹುದು. ಇದು ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟರ್ಮಿ-ಆರ್ಚರ್ ಹೆಸರಿನ ಮೂರು ಗೇರಿನ ಹಬ್ಬಿನ ಕತೆ ಶುರುವಾದದ್ದು 1902ರಲ್ಲಿ. (ಅದನ್ನು ರೂಪಿಸಿದ ನಿಜವಾದ ಕೈ ವಿಲಿಯಂ ರೈಲಿ ಎಂಬ ಕುಶಲಕರ್ಮಿಯದು ಎನ್ನುತ್ತಾರೆ ಸೈಕಲ್ ಚರಿತ್ರಕಾರರು, ಹೆಸರು ಮಾತ್ರ ಬೇರೆಯವರದಾಯಿತು. ಕುಶಲಕರ್ಮಿಗಳ ಪಾಡು ಎಲ್ಲ ದೇಶದಲ್ಲೂ ಅಷ್ಟೆ.) 1936ರಲ್ಲಿ ಬಂದ ಅವರ ಎ.ಡಬ್ಲ್ಯು. ಮಾದರಿಯ ಒಳರಚನೆಯನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ನೋಡಬೇಕು. ಅಚ್ಚಿಗೆ ಬಿಗಿದ 20 ಹಲ್ಲಿನ ಒಂದು ಗಾಲಿ. ಅದನ್ನು ಸುತ್ತುವ 20 ಹಲ್ಲಿನ ನಾಲ್ಕು ಪುಟ್ಟ ಗಾಲಿಗಳು. ಅವೆಲ್ಲವನ್ನೂ ಒಳಗೊಂಡ 60 ಹಲ್ಲಿನ ಬಳೆ. ಸೂರ್ಯನ ಸುತ್ತ ಗ್ರಹಗಳಿದ್ದಂತೆ. ಬಳೆಯನ್ನು ತಿರುಗಿಸಿ ಗ್ರಹಗಳ ಚೌಕಟ್ಟಿನಿಂದ ವೇಗವನ್ನು ಪಡೆದರೆ ಅದು ಮುಕ್ಕಾಲಿಗೆ ಇಳಿಯುತ್ತದೆ. ಚೌಕಟ್ಟನ್ನು ತಿರುಗಿಸಿ ಬಳೆಯಿಂದ ಪಡೆದರೆ ಮೂರನೆಯ ಒಂದು ಪಾಲು ಏರುತ್ತದೆ. ನಡುವಿನ ಗೇರು ನೇರ. ಹಲ್ಲುಗಾಲಿಗಳ ಮೂಲಕ ಸಾಗುವಾಗ ಶ್ರಮದ ಸ್ವಲ್ಪ ಪಾಲು ಪೋಲಾಗುವುದು ನಿಜ. ತಳ್ಳಿಕೊಂಡು ಹೋಗುವುದರಲ್ಲಿ ಪೋಲಾಗುವಷ್ಟಲ್ಲ.

ದೇಸೂರಿನ ನನ್ನ ಸೈಕಲ್ಲಿನಲ್ಲಿ ಇರುವುದು ಇಂಥದೇ ಹಬ್ಬು. ಬೆಳಗಾವಿಯ ಗುಜರಿಯೊಂದರಲ್ಲಿ ಸಿಕ್ಕಿತು. ಈ ಹಬ್ಬುಗಳ ಚಿಪ್ಪಿನ ಮೇಲೆ ತಯಾರಾದ ವರ್ಷ, ತಿಂಗಳು ಒತ್ತಿರುತ್ತದೆ. ನನ್ನದರಲ್ಲಿ 62 ಎಂದಿದೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಒಂದು ಹಲ್ಲೂ ಸವೆದಿರಲಿಲ್ಲ. ಹಳೆಯ ಇಂಗ್ಲಿಷ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ 40 ಕಡ್ಡಿ, ನಮ್ಮ ಹಳೆಯ ಮಾದರಿಗೂ 40. ಹಾಗಾಗಿ ರಿಮ್ಮು ಊರಿನದೇ ಒದಗಿತು. (ಹೊಸ ಹಬ್ಬುಗಳಲ್ಲಿ ಹೆಚ್ಚಾಗಿ 36 ತೂತು, ಆಗ ರಿಮ್ಮನ್ನೂ ಬದಲಿಸಬೇಕು.) ಕಡ್ಡಿಯ ವಿಷಯದಲ್ಲಿ ಮಾತ್ರ ನಾನೇ ಎಡವಿದೆ. ಹಬ್ಬಿನ ಸುತ್ತಳತೆ ದೊಡ್ಡದಾದ್ದರಿಂದ ಕಡ್ಡಿ ಗಿಡ್ಡವಾಗಬೇಕು. ಹಳೆಯ ಕಡ್ಡಿಗಳನ್ನೇ ಕಟ್ಟಿ, ಅವುಗಳ ತುದಿ ರಿಮ್ಮಿನಿಂದ ಹೊರಬಂದು ವಾರದಲ್ಲಿ ಮೂರು ಪಂಕ್ಚರ್. ಊರಿನ ಸೈಕಲ್ ರಿಪೇರಿಯ ಕಾಕಾ ನಕ್ಕರು. ಗೇರಿನ ಹಬ್ಬನ್ನು ಅವರು ಅದುವರೆಗೆ ಮುಟ್ಟಿರಲಿಲ್ಲ, ಆದರೆ ಕಡ್ಡಿ ಕಟ್ಟಿ ಬೆಂಡು ತೆಗೆಯುವುದರಲ್ಲಿ ಅವರ ಕೈ ಪಳಗಿದ್ದು. ಎರಡನೆಯ ಸಲ ಅವರೇ ಕಟ್ಟಿಕೊಟ್ಟ ಚಕ್ರ ಇಂದಿಗೂ ಔಟಾಗಿಲ್ಲ.

ಹಿಂದೆ 18ರ ಬದಲು 22 ಹಲ್ಲಿನ ಗಾಲಿ ಹಾಕಿದೆವು. ಇದು ಮುಖ್ಯ. ಈಗ ನಡುವಿನ ಗೇರು 4.4 ಮೀಟರ್, ಏರಿನ ಗೇರು 3.3, ಸಮತಟ್ಟಿಗೆ 5.9. ಅಚ್ಚಿನ ಎರಡೂ ಬದಿಗೆ ಅಚ್ಚು ತಿರುಗದಂತೆ ಹಿಡಿಯುವ ವಾಶರನ್ನು ಮರೆಯಬಾರದು. ತೆಳುವಾದ ಯಂತ್ರದ ಎಣ್ಣೆ ತಿಂಗಳಿಗೆ ನಾಲ್ಕು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ಗ್ರೀಸು ತುಂಬುವುದೂ ಬೇಡ, ಒಳಗಿನ ಕೊಕ್ಕೆಗಳು ಅಂಟಿಕೊಳ್ಳುತ್ತವೆ. ತಂತಿ ಸಡಿಲವಾದರೆ ಎರಡನೆಯ ಮತ್ತು ಮೂರನೆಯ ಗೇರುಗಳ ನಡುವೆ ಪೆಡಲು ಹಿಡಿತ ತಪ್ಪಿ ಜಾರುತ್ತದೆ. ನನ್ನ ಮೊಣಕಾಲಿನ ಗಾಯದ ಗುರುತು ಅದಕ್ಕೆ ಸಾಕ್ಷಿ.

ದೇಸೂರಿನಿಂದ ಮಚ್ಛೆ, ಪೀರನವಾಡಿ ದಾಟಿ ಉದ್ಯಮಬಾಗಕ್ಕೆ ಹೋಗುವ ದಾರಿ ಘಾಟವೇನಲ್ಲ. ಉಬ್ಬು ತಗ್ಗಿನ ದಾರಿ. ಉಬ್ಬಿನ ಬುಡದಲ್ಲಿ ಒಂದು ಕ್ಷಣ ತುಳಿಯುವುದನ್ನು ನಿಲ್ಲಿಸಿ ಗುಂಡಿಯನ್ನು ಒತ್ತಿದರೆ ಗೇರು ಇಳಿಯುತ್ತದೆ. ಎಮ್ಮೆ ಅಡ್ಡ ಬಂದು ನಿಲ್ಲಬೇಕಾದರೆ ನಿಂತಲ್ಲೇ ಗೇರು ಬದಲಿಸಬಹುದು; ಹೊರಗಿನ ಗೇರಿನ ಸೈಕಲ್ಲಿನಲ್ಲಿ ಇದು ಆಗದು. ಕ್ಯಾರಿಯರಿನಲ್ಲಿ ಅಕ್ಕಿಯ ಚೀಲವಿದ್ದಾಗ ಈ ಗುಣದ ಬೆಲೆ ತಿಳಿಯುತ್ತದೆ.

ಬೆಲೆಯ ಮಾತು ಬಂದೇ ಬರುತ್ತದೆ. ಆಮದಾದ ಒಂದು ಹೊಸ ಹಬ್ಬಿನ ಬೆಲೆ ಒಂದು ಸಾದಾ ಸೈಕಲ್ಲಿನ ಬೆಲೆಯನ್ನೇ ಮುಟ್ಟುತ್ತದೆ. ನಾಟಿಂಗ್‌ಹ್ಯಾಮಿನ ಆ ಕಂಪನಿ 2000ದಲ್ಲಿ ತೈವಾನಿನವರ ಕೈಸೇರಿತು. ಹಬ್ಬುಗಳು ಈಗ ಅಲ್ಲಿಂದಲೇ ಬರುತ್ತವೆ. ಈ ಬೆಲೆಗೆ ಯಾವ ಸರ್ಕಾರವೂ ಲಕ್ಷಗಟ್ಟಲೆ ಕೊಳ್ಳಲಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಬೆಳಗಾವಿ ಎಂಥ ಊರು? ಎರಕದ ಕೆಲಸಕ್ಕೆ, ಹೈಡ್ರಾಲಿಕ್ ಯಂತ್ರಗಳಿಗೆ, ಲೇತಿನ ಕೈಚಳಕಕ್ಕೆ ಹೆಸರಾದ ಊರು. ಕೂದಲೆಳೆಯ ಅಂತರವನ್ನೂ ಅಳೆದು ಪಂಪು ಮಾಡುವ ಉದ್ಯಮಬಾಗದ ಶೆಡ್ಡುಗಳಿಗೆ ಐದು ಪುಟ್ಟ ಹಲ್ಲುಗಾಲಿ ಮತ್ತು ಒಂದು ಬಳೆ ಮೀರಿದ ಕೆಲಸವೇ? ಮಚ್ಛೆಯ ಜ್ಞಾನಸಂಗಮದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಪ್ರತಿ ವರ್ಷ ಅಂತಿಮ ವರ್ಷದ ಹುಡುಗರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಮೂರು ಹಲ್ಲುಗಾಲಿಯ ಲೆಕ್ಕ ಪುಸ್ತಕದಲ್ಲಿದೆ, ಅದು ಬೇಕಾದ ಮಗು ಕಾಲೇಜಿನಿಂದ ಒಂದೆರಡು ಗಂಟೆಯ ದಾರಿಯಲ್ಲಿದೆ.

ಎಲ್ಲ ಜಿಲ್ಲೆಗೂ ಬೇಡ. ಖಾನಾಪುರ, ಜೋಯಿಡಾ, ಸಿದ್ದಾಪುರ, ತೀರ್ಥಹಳ್ಳಿಯಂಥ ಗುಡ್ಡಗಾಡಿನ ತಾಲ್ಲೂಕುಗಳಿಗೆ ಸಾಕು. ಅಷ್ಟೂ ಆಗದಿದ್ದರೆ, ಖರ್ಚೇ ಇಲ್ಲದಂತೆ, ಈ ತಾಲ್ಲೂಕುಗಳಿಗೆ ಹೋಗುವ ಸೈಕಲ್ಲಿಗೆ ಹಿಂದೆ 22 ಹಲ್ಲಿನ ಗಾಲಿಯನ್ನಾದರೂ ಹಾಕಿ ಕಳಿಸಲಿ. ಭೀಮಗಡದ ಕಾಡೊಳಗಿನ ಗವಳಿ, ಅಮಗಾವ್‌ಗಳಿಗೆ ಸೈಕಲ್ಲಿಗಿಂತ ಮೊದಲು ದಾರಿ ಬೇಕು, ಅದು ಬೇರೆಯೇ ಹೋರಾಟ. ದಾರಿಯಿದ್ದೂ ತಳ್ಳುತ್ತಿರುವ ಮಕ್ಕಳ ಮಾತು ನಾನು ಆಡಿದ್ದು.

ಕಾಕಾ ಈಗ ಇನ್ನೊಂದು ಹಬ್ಬು ತಂದುಕೊಡು ಎನ್ನುತ್ತಿದ್ದಾರೆ, ಮೊಮ್ಮಗಳ ಸೈಕಲ್ಲಿಗೆ. ನಿಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಸೈಕಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಹಿಂದಿನ ಚಕ್ರದ ನಡುವಿನ ಬರಹವನ್ನು ಒರೆಸಿ ಓದಿ ನೋಡಿ.